ನಾಲ್ಕು ರೂಪಾಯಿ ಜಾಸ್ತಿ ಕೊಟ್ಟರೆ ಡೀಸೆಲ್ ಇಂಜಿನ್ ಉಳಿಯುತ್ತಾ?

ಬಂಕಿನ ಹುಡುಗ ಮೀಟರ್‌ನಲ್ಲಿ ಸೊನ್ನೆ ತೋರಿಸುತ್ತಾನೆ. ಗನ್ನನ್ನು ಟ್ಯಾಂಕಿಗೆ ಇಳಿಸುವ ಮೊದಲು ಒಂದು ಪ್ರಶ್ನೆ: "ಮಾಮೂಲಿನಾ ಸಾರ್, ಪ್ರೀಮಿಯಮ್ಮಾ?" ನಾವು ಅರೆಕ್ಷಣ ತಡವರಿಸಿದರೆ ಸಾಕು, ಅವನ ಇನ್ನೊಂದು ಕೈಗೆ ಪುಟ್ಟ ಬಾಟಲಿ ಬಂದಿರುತ್ತದೆ. "ಇಂಜೆಕ್ಟರ್ ಕ್ಲೀನರ್ ಸಾರ್. ಒಂದ್ಸಲ ಹಾಕಿಸಿ, ಆಮೇಲೆ ಪಿಕಪ್ ನೋಡಿ." ಹಿಂದೆ ನಿಂತ ಟೆಂಪೊ ಹಾರ್ನ್ ಹೊಡೆಯುತ್ತಿರುತ್ತದೆ. ಬೇಕು ಅನ್ನೋಕೆ ಅನುಮಾನ, ಬೇಡ ಅನ್ನೋಕೆ ಭಯ.

ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಈಗಿನ ಡೀಸೆಲ್ ಗಾಡಿಯಲ್ಲಿ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಒಂದು ಇಂಜೆಕ್ಟರ್ ಕೈಕೊಟ್ಟರೆ ಖರ್ಚು ಐದಂಕಿ ಮುಟ್ಟಬಹುದು. ಹೈ ಪ್ರೆಷರ್ ಪಂಪು, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅಂತ ಹೋದರೆ ಲಕ್ಷದ ಮಾತು ಕೇಳಬೇಕಾಗುತ್ತದೆ. ಅದರ ಮುಂದೆ ಲೀಟರಿಗೆ ಮೂರ್ನಾಲ್ಕು ರೂಪಾಯಿ ಏನು ಮಹಾ ಅನ್ನಿಸುವುದು ಸಹಜ. ನನಗೂ ಹಾಗೇ ಅನ್ನಿಸಿತ್ತು. ಎರಡು ವರ್ಷ ಪ್ರೀಮಿಯಂ ಹಾಕಿಸಿದೆ. ಮಧ್ಯೆ ಮಧ್ಯೆ ಬಾಟಲಿಯನ್ನೂ ಸುರಿಸಿದೆ.

ಆಮೇಲೊಂದು ಮಳೆಗಾಲದಲ್ಲಿ ಶಿರಾಡಿ ಘಾಟಿ ಹತ್ತುವಾಗ ಕಾರಿನ ಪಿಕಪ್ ಪೂರ್ತಿ ಬಿದ್ದುಹೋಯಿತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಎರಡನೇ ಗೇರಿನಲ್ಲಿ ಉಸಿರು ಬಿಡುತ್ತಾ ಹೇಗೋ ಹಾಸನ ಸೇರಿತು. ಅಲ್ಲಿನ ಒಂದು ಡೀಸೆಲ್ ಪಂಪ್ ರಿಪೇರಿ ಅಂಗಡಿಯ ಮೇಸ್ತ್ರಿ ಬಾನೆಟ್ ಎತ್ತಿದವರೇ ಕಂಪ್ಯೂಟರ್ ಹುಡುಕಲಿಲ್ಲ. ನಾಲ್ಕು ಪಾರದರ್ಶಕ ಬಾಟಲಿ ತಂದು, ನಾಲ್ಕು ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೊಂದು ಸಿಕ್ಕಿಸಿ, ಇಂಜಿನ್ ಸ್ಟಾರ್ಟ್ ಮಾಡಿದರು. ಸ್ವಲ್ಪ ಹೊತ್ತಿಗೆ ಮೂರು ಬಾಟಲಿಗಳ ತಳದಲ್ಲಿ ಬೆರಳಗಲ ಡೀಸೆಲ್ ನಿಂತಿತ್ತು. ಮೂರನೇ ಇಂಜೆಕ್ಟರಿನದು ಅರ್ಧಕ್ಕಿಂತ ಮೇಲೆ ಬಂದಿತ್ತು. "ರಿಟರ್ನ್ ಜಾಸ್ತಿ. ಇದು ಒಳಗೇ ಸವೆದಿದೆ" ಎಂದರು. ಸಿಲಿಂಡರಿಗೆ ಹೋಗಬೇಕಾದ ಒತ್ತಡ ಸೋರಿ ವಾಪಸ್ ಬರುತ್ತಿತ್ತು.

ನಂತರ ಡೀಸೆಲ್ ಫಿಲ್ಟರ್ ಬಿಚ್ಚಿ ಸ್ಟೀಲ್ ತಟ್ಟೆಗೆ ಬಗ್ಗಿಸಿದರು. ಮೇಲೆ ಡೀಸೆಲ್ ತೇಲಿತು. ಕೆಳಗೆ ಚಹಾದ ಗಸಿಯಂಥ ಕೆಂಪು ನೀರು ನಿಂತಿತು. ತಟ್ಟೆ ಅಲ್ಲಾಡಿಸಿದರೆ ಆ ನೀರು ಗೋಲಿಗಳ ಹಾಗೆ ಉರುಳಾಡುತ್ತಿತ್ತು. ಹಿಂದಿನ ಸರ್ವಿಸ್ ಬಿಲ್ಲಿನಲ್ಲಿ ಈ ಫಿಲ್ಟರ್ ಬದಲಾಯಿಸಿದ ಲೆಕ್ಕ ಇತ್ತು. ಫಿಲ್ಟರಿನ ಮೇಲಿದ್ದ ತಯಾರಿಕೆ ದಿನಾಂಕ ಮಾತ್ರ ಕಾರಿನ ವಯಸ್ಸನ್ನೇ ಹೇಳುತ್ತಿತ್ತು. ಬಿಲ್ ಹಾಕಿದವರ ಹೆಸರು ಇಲ್ಲಿ ಬೇಡ. ನಾನು ಸಾವಿರಾರು ರೂಪಾಯಿಯ ಸೋಪು ಟ್ಯಾಂಕಿಗೆ ಹಾಕುತ್ತಿದ್ದೆ, ಇಂಜೆಕ್ಟರು ನೀರು ಕುಡಿದು ಸಾಯುತ್ತಿತ್ತು.

ಹಾಗಂತ ಡೀಸೆಲ್‌ಗೆ ಬೆರೆಸುವ ಅಡಿಟಿವ್ ಅನ್ನುವುದೇ ಮೋಸ ಎಂದು ಬರೆದು ಮುಗಿಸಿದರೆ ಅದು ನನ್ನ ಸಿಟ್ಟಿನ ಮಾತಾಗುತ್ತದೆ. ವಿಷಯ ಅಷ್ಟು ಸರಳವಾಗಿಲ್ಲ.

ಕೂದಲೆಳೆಯ ತೂತು

ಹಳೆಯ ಡೀಸೆಲ್ ಇಂಜಿನ್‌ಗಳು ಕೊಟ್ಟಿದ್ದನ್ನು ಕುಡಿಯುತ್ತಿದ್ದವು. ಹಳೇ ಟ್ರ್ಯಾಕ್ಟರ್, ಜೀಪು ಇಟ್ಟುಕೊಂಡವರಿಗೆ ಗೊತ್ತು. ಅವುಗಳ ಇಂಜೆಕ್ಟರ್ ಕೆಲವು ನೂರು ಬಾರ್ ಒತ್ತಡದಲ್ಲಿ ಕೆಲಸ ಮಾಡುತ್ತಿತ್ತು. ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹಂಚುವ ಈಗಿನ ಕಾಮನ್ ರೈಲ್ ಇಂಜಿನ್‌ನಲ್ಲಿ ಅದು 1,600ರಿಂದ 2,000 ಬಾರ್. ಹೋಲಿಕೆಗೆ ಹೇಳುವುದಾದರೆ ಕಾರಿನ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ. ಈ ಒತ್ತಡದಲ್ಲಿ ಡೀಸೆಲ್ ಹೊರಬರುವ ನಾಝಲ್ ತೂತಿನ ಅಗಲ ಸುಮಾರು 0.1 ಮಿಲಿಮೀಟರ್. ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಒಳಗೆ ಓಡಾಡುವ ಭಾಗಗಳ ನಡುವಿನ ಸಂದು ಎರಡು ಮೂರು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಅಷ್ಟೇ.

ಇಂಥ ಜಾಗದಲ್ಲಿ ಎರಡು ಬಗೆಯ ಕೊಳೆ ಕೂರುತ್ತದೆ. ಒಂದು, ನಾಝಲ್ ತುದಿಯಲ್ಲಿ ಬೆಂದು ಅಂಟುವ ಕಾರ್ಬನ್. ಇದರಿಂದ ಸಿಂಪಡಣೆ ಕೆಡುತ್ತದೆ, ಹೊಗೆ ಜಾಸ್ತಿಯಾಗುತ್ತದೆ, ಬಲ ಕುಗ್ಗುತ್ತದೆ. ಇನ್ನೊಂದು, ಇಂಜೆಕ್ಟರಿನ ಒಳಗಡೆ ಸೂಜಿಗೆ ಹತ್ತುವ ವಾರ್ನಿಶ್‌ನಂಥ ಪದರ. ಇದರಿಂದ ಸೂಜಿ ತಡೆದು ತಡೆದು ಚಲಿಸುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಇಂಜಿನ್ ನಡುಗುವುದು, ಮೆಕ್ಯಾನಿಕ್‌ಗಳು 'ಮಿಸ್ಸಿಂಗ್' ಅನ್ನುವುದು, ಎಷ್ಟೋ ಸಲ ಇದೇ.

ಪ್ರೀಮಿಯಂ ಡೀಸೆಲ್‌ನಲ್ಲಿ ಇರುವ ಮುಖ್ಯ ಸರಕು ಡಿಟರ್ಜೆಂಟ್. ಅಂಟುವಾಳದ ನೊರೆ ಜಿಡ್ಡನ್ನು ಹಿಡಿದು ಬಿಡಿಸುವ ಹಾಗೆ ಇದರ ಕಣದ ಒಂದು ತುದಿ ಕೊಳೆಗೆ ಅಂಟುತ್ತದೆ, ಇನ್ನೊಂದು ತುದಿ ಡೀಸೆಲ್‌ನಲ್ಲಿ ಕರಗಿ ಎಳೆದೊಯ್ಯುತ್ತದೆ. ಲೀಟರಿಗೆ ಕೆಲವು ನೂರು ಮಿಲಿಗ್ರಾಂ ಸಾಕು. ಎಕ್ಸ್‌ಟ್ರಾಗ್ರೀನ್, ಟರ್ಬೊಜೆಟ್, ಸ್ಪೀಡ್, ವಿ-ಪವರ್ ಅಂತ ಹೆಸರು ಏನೇ ಇರಲಿ, ಮೂಲ ಡೀಸೆಲ್ ಅದೇ. ಅದಕ್ಕೆ ಸೇರಿಸುವ ಮದ್ದು ಬೇರೆ ಬೇರೆ. ಡಿಟರ್ಜೆಂಟ್ ಜೊತೆಗೆ ತುಕ್ಕು ತಡೆಯುವ, ನೊರೆ ತಗ್ಗಿಸುವ, ಬೇಗ ಹೊತ್ತಿಕೊಳ್ಳುವ ಗುಣವನ್ನು (ಸಿಟೇನ್) ಸ್ವಲ್ಪ ಏರಿಸುವ ಅಂಶಗಳನ್ನೂ ಸೇರಿಸುವುದುಂಟು.

ಇದು ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಯುರೋಪಿನಲ್ಲಿ ಇದಕ್ಕೆ ಒಪ್ಪಿತ ಪರೀಕ್ಷೆ ಇದೆ. ಪೂಜೊ ಕಂಪನಿಯ ಡಿಡಬ್ಲ್ಯು10 ಎಂಬ ಇಂಜಿನ್ನನ್ನು ಪ್ರಯೋಗಾಲಯದಲ್ಲಿ ಗಂಟೆಗಟ್ಟಲೆ ದುಡಿಸಿ ಬಲ ಎಷ್ಟು ಕುಗ್ಗಿತು ಎಂದು ಅಳೆಯುತ್ತಾರೆ. ಡಿಟರ್ಜೆಂಟ್ ಇಲ್ಲದ ಇಂಧನದಲ್ಲಿ ಬಲ ಇಳಿಯುತ್ತದೆ. ಒಳ್ಳೆಯ ಡಿಟರ್ಜೆಂಟ್ ಇದ್ದರೆ ಇಳಿಯುವುದಿಲ್ಲ, ಇಳಿದದ್ದು ಮರಳಿ ಬರುವುದೂ ಉಂಟು. ಆದರೆ ಒಂದು ಮಾತು ಜಾಹೀರಾತಿನಲ್ಲಿ ಬರುವುದಿಲ್ಲ. ಕೊಳೆ ಬೇಗ ಕೂರಲಿ ಅಂತ ಈ ಪರೀಕ್ಷೆಯಲ್ಲಿ ಇಂಧನಕ್ಕೆ ಬೇಕಂತಲೇ ಒಂದು ಪಿಪಿಎಂ (ಹತ್ತು ಲಕ್ಷಕ್ಕೆ ಒಂದು ಪಾಲು) ಸತು ಬೆರೆಸುತ್ತಾರೆ. ವರ್ಷಗಟ್ಟಲೆ ಆಗುವುದನ್ನು ಕೆಲವೇ ದಿನಕ್ಕೆ ಇಳಿಸಲು ಬೇರೆ ದಾರಿ ಇಲ್ಲ, ಹಾಗಾಗಿ ಅದನ್ನು ಕಳ್ಳಾಟ ಅನ್ನುವಂತಿಲ್ಲ. ಆದರೂ ಅಲ್ಲಿ ಕಂಡ ವ್ಯತ್ಯಾಸ ನಮ್ಮ ಕಾರಿನಲ್ಲಿ ಅಷ್ಟೇ ಪ್ರಮಾಣದಲ್ಲಿ ಕಾಣುತ್ತದೆ ಅಂತ ನಂಬುವ ಹಾಗಿಲ್ಲ.

ಅಮೆರಿಕದ ವೈದ್ಯ, ನಮ್ಮ ರೋಗಿ

ಯೂಟ್ಯೂಬ್‌ನಲ್ಲಿ ಡೀಸೆಲ್ ಅಡಿಟಿವ್ ಅಂತ ಹುಡುಕಿದರೆ ದೊಡ್ಡ ದೊಡ್ಡ ಪಿಕಪ್ ಟ್ರಕ್‌ಗಳ ಅಮೆರಿಕನ್ನರು ಸಿಗುತ್ತಾರೆ. ಪ್ರತಿ ಟ್ಯಾಂಕಿಗೂ ಬಾಟಲಿ ಹಾಕದಿದ್ದರೆ ಪಂಪು ಸತ್ತಿತು ಅಂತಲೇ ಅವರ ವಾದ. ಅವರ ಮಟ್ಟಿಗೆ ಅದು ಒಂದಷ್ಟು ಸರಿಯೂ ಹೌದು. ಅವರ ಡೀಸೆಲ್ಲೇ ಬೇರೆ.

ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಅನ್ನುವುದರ ಅಳತೆ ಸಿಟೇನ್. ಅಮೆರಿಕದ ಮಾನದಂಡದಲ್ಲಿ ಅದು ಕನಿಷ್ಠ 40 ಇದ್ದರೆ ಸಾಕು. ಭಾರತದ ಈಗಿನ ಹೊಗೆ ಮಾಲಿನ್ಯ ಮಾನದಂಡವಾದ ಬಿಎಸ್6 ಡೀಸೆಲ್‌ನಲ್ಲಿ ಕನಿಷ್ಠ 51 ಇರಲೇಬೇಕು. ಪಂಪಿನ ಒಳಭಾಗಕ್ಕೆ ಜಾರಿಕೆ ಕೊಡುವ ಗುಣವನ್ನು ಲೋಹದ ಗುಂಡು ಉಜ್ಜಿ, ಎದ್ದ ಗೀರಿನ ಅಗಲದಿಂದ ಅಳೆಯುತ್ತಾರೆ. ಅಮೆರಿಕದಲ್ಲಿ 520 ಮೈಕ್ರಾನ್ ತನಕ ಬಿಡುತ್ತಾರೆ, ನಮ್ಮಲ್ಲಿ 460 ದಾಟುವಂತಿಲ್ಲ. ಅಲ್ಲಿಯ ಸಿಟೇನ್ ಬೂಸ್ಟರ್ ನೋಡಿ ಇಲ್ಲಿ ಆರ್ಡರ್ ಮಾಡುವುದು ಪಕ್ಕದ ಮನೆಯವರ ಬಿಪಿ ಮಾತ್ರೆ ನುಂಗಿದ ಹಾಗೆ.

ನಮ್ಮ ಮಾಮೂಲಿ ಡೀಸೆಲ್ ಬದಲಾದ ಪರಿ ಬಹಳ ಜನರ ಗಮನಕ್ಕೆ ಬಂದೇ ಇಲ್ಲ. ಬಿಎಸ್3 ಕಾಲದಲ್ಲಿ ಗಂಧಕ 350 ಪಿಪಿಎಂ ಇತ್ತು. ಬಿಎಸ್4ಕ್ಕೆ 50 ಆಯಿತು. 2020ರ ಏಪ್ರಿಲ್ 1ರಿಂದ ದೇಶದ ಎಲ್ಲಾ ಬಂಕುಗಳಲ್ಲೂ ಬಿಎಸ್6, ಅಂದರೆ 10 ಪಿಪಿಎಂ. ಗಂಧಕ ತೆಗೆಯುವ ಪ್ರಕ್ರಿಯೆಯಲ್ಲಿ ಡೀಸೆಲ್‌ನ ಸಹಜ ಜಾರಿಕೆಯೂ ಹೋಗುತ್ತದೆ. ಅದನ್ನು ತುಂಬಲು ರಿಫೈನರಿಯವರು ಅಡಿಟಿವ್ ಹಾಕಿಯೇ ಕಳಿಸುತ್ತಾರೆ. ಅಂದರೆ ಮಾಮೂಲಿ ಡೀಸೆಲ್ ಕೂಡ ಬರೀ ಡೀಸೆಲ್ ಅಲ್ಲ. ಪ್ರೀಮಿಯಂನಲ್ಲಿ ಅಡಿಟಿವ್ ಇದೆ, ಮಾಮೂಲಿಯಲ್ಲಿ ಇಲ್ಲ ಅನ್ನುವುದು ಬಂಕಿನ ಬೋರ್ಡಿನ ಮಾತು.

ಪೆಟ್ರೋಲ್‌ನ ಗೊಂದಲವೂ ಇಲ್ಲಿ ಬಂದು ಸೇರಿಕೊಂಡಿದೆ. 95, 100 ಆಕ್ಟೇನ್ ಪೆಟ್ರೋಲ್ ಬೇರೆಯೇ ದರ್ಜೆಯ ಇಂಧನ. ಅದನ್ನು ಕೇಳುವ ಇಂಜಿನ್‌ಗಳೂ ಇವೆ. ಡೀಸೆಲ್‌ನಲ್ಲಿ ಅಂಥದ್ದಿಲ್ಲ. ಇಲ್ಲಿ ಮಾರಾಟವಾಗುವ ಡೀಸೆಲ್ ಕಾರುಗಳು ಮಾಮೂಲಿ ಬಿಎಸ್6 ಡೀಸೆಲ್‌ಗೇ ತಯಾರಾದವು.

ನಾಲ್ಕು ರೂಪಾಯಿ ಎಲ್ಲಿಗೆ ಹೋಗುತ್ತದೆ

ನನಗೆ ಅತಿ ಹೆಚ್ಚು ತಮಾಷೆ ಅನ್ನಿಸಿದ್ದು ಈ ಲೆಕ್ಕ. ಪ್ರೀಮಿಯಂ ಡೀಸೆಲ್‌ಗೆ ಕೇಂದ್ರದ ಅಬಕಾರಿ ಸುಂಕವೇ ಜಾಸ್ತಿ. 2022ರ ಮೇ ತಿಂಗಳ ಕಡಿತದಲ್ಲಿ ಮಾಮೂಲಿ ಡೀಸೆಲ್‌ಗೆ ಲೀಟರಿಗೆ 15.80 ರೂಪಾಯಿ ನಿಗದಿಯಾಯಿತು, ಬ್ರ್ಯಾಂಡೆಡ್, ಅಂದರೆ ಪ್ರೀಮಿಯಂ ಡೀಸೆಲ್‌ಗೆ 18.20. ವ್ಯತ್ಯಾಸ 2.40. ಅದರ ತಲೆ ಮೇಲೆ ರಾಜ್ಯದ ಮಾರಾಟ ತೆರಿಗೆ ಬೀಳುತ್ತದೆ. ಕರ್ನಾಟಕ 2024ರ ಜೂನ್‌ನಲ್ಲಿ ಡೀಸೆಲ್ ತೆರಿಗೆಯನ್ನು ಶೇ 14.34ರಿಂದ 18.44ಕ್ಕೆ ಏರಿಸಿತು, 2025ರ ಏಪ್ರಿಲ್ 1ರಿಂದ ಅದು ಶೇ 21.17 ಆಯಿತು. ಈ ಲೆಕ್ಕದಲ್ಲಿ ಆ 2.40 ರೂಪಾಯಿ ನಮ್ಮ ಜೇಬಿಗೆ ಬರುವ ಹೊತ್ತಿಗೆ ಸುಮಾರು 2.90.

ನಿಮ್ಮ ಬಂಕಿನಲ್ಲಿ ಪ್ರೀಮಿಯಂಗೆ ನಾಲ್ಕು ರೂಪಾಯಿ ಜಾಸ್ತಿ ಅಂತ ಇಟ್ಟುಕೊಳ್ಳಿ. ಅದರಲ್ಲಿ ಮುಕ್ಕಾಲು ಪಾಲು ತೆರಿಗೆಗೇ ಹೋಯಿತು. ಇಂಜೆಕ್ಟರ್ ತೊಳೆಯುವ ಮದ್ದು, ಕಂಪನಿಯ ಲಾಭ, ಜಾಹೀರಾತಿನ ಖರ್ಚು ಎಲ್ಲ ಸೇರಿ ಉಳಿದ ಒಂದು ರೂಪಾಯಿಯಲ್ಲಿ! ಇಂಜಿನ್ನಿಗೆ ಖರ್ಚು ಮಾಡುತ್ತಿದ್ದೇನೆ ಅಂದುಕೊಂಡು ನಾನು ಎರಡು ವರ್ಷ ಖಜಾನೆ ತುಂಬಿಸಿದ್ದೆ.

ಮೈಲೇಜ್‌ನಲ್ಲಿ ವಾಪಸ್ ಬರುತ್ತದಲ್ಲ ಅನ್ನುತ್ತೀರಾ? ಬೆಂಗಳೂರಿನಲ್ಲಿ 2025ರ ಏಪ್ರಿಲ್ ಏರಿಕೆಯ ನಂತರ ಡೀಸೆಲ್ ಸುಮಾರು 91 ರೂಪಾಯಿ ಇತ್ತು. ಅದರ ಮೇಲೆ ನಾಲ್ಕು ಅಂದರೆ ಶೇ 4.4. ಲೀಟರಿಗೆ 18 ಕಿಲೋಮೀಟರ್ ಓಡುವ ಕಾರು 18.8 ಓಡಿದರೆ ಮಾತ್ರ ಅಸಲಿಗೆ ಅಸಲು. ಒಂದು ಲೀಟರ್ ಡೀಸೆಲ್‌ನ ಶಕ್ತಿ ಸುಮಾರು 36 ಮೆಗಾಜೂಲ್. ಕೆಲವು ನೂರು ಮಿಲಿಗ್ರಾಂ ಸೋಪು ಅದನ್ನು ಹೆಚ್ಚಿಸಲು ಸಾಧ್ಯವಿಲ್ಲ. ಕೊಳೆಯಿಂದ ಕಳೆದುಹೋದ ಮೈಲೇಜ್ ಅಷ್ಟೇ ಮರಳಿ ಬರಬಹುದು. ಹೊಸ ಗಾಡಿಯಲ್ಲಿ ಕಳೆದದ್ದೇ ಇಲ್ಲ, ಬರುವುದು ಎಲ್ಲಿಂದ?

ಇನ್ನು ಲೀಟರಿಗೆ ಆ ಮುಕ್ಕಾಲು ಕಿಲೋಮೀಟರ್ ವ್ಯತ್ಯಾಸ 'ಗೊತ್ತಾಗುತ್ತೆ' ಅನ್ನುವವರು ಇದ್ದಾರೆ. ಟೈರ್ ಗಾಳಿ, ಎಸಿ, ಸಿಗ್ನಲ್, ಗನ್ ಒಂದು ಲೀಟರ್ ಮೊದಲೇ ಕಟ್ ಆಗುವುದು, ಇದೆಲ್ಲ ಸೇರಿದರೆ ಶೇ 5 ಅತ್ತಿತ್ತ ಆಗಿಯೇ ಆಗುತ್ತದೆ. ಒಂದು ಟ್ಯಾಂಕ್ ಓಡಿಸಿ ತೀರ್ಪು ಕೊಡುವುದು ಒಂದು ಬಾಲ್ ನೋಡಿ ಬ್ಯಾಟ್ಸ್‌ಮನ್ ಹೇಗೆ ಅಂತ ಹೇಳಿದ ಹಾಗೆ.

ಈ ಲೆಕ್ಕವನ್ನು ನಮಗಿಂತ ಚೆನ್ನಾಗಿ ಬಲ್ಲವರು ಲಾರಿ ಮಾಲೀಕರು. ವರ್ಷಕ್ಕೆ 80,000 ಕಿಲೋಮೀಟರ್ ಓಡಿ, ಲೀಟರಿಗೆ ನಾಲ್ಕು ಕೊಡುವ ಲಾರಿ 20,000 ಲೀಟರ್ ಕುಡಿಯುತ್ತದೆ. ನಾಲ್ಕು ರೂಪಾಯಿಯಂತೆ 80,000 ರೂಪಾಯಿ ಜಾಸ್ತಿ. ಪ್ರೀಮಿಯಂ ಗನ್ನಿನ ಮುಂದೆ ಲಾರಿ ನಿಂತಿದ್ದನ್ನು ನಾನಂತೂ ನೋಡಿಲ್ಲ. ವರ್ಷಕ್ಕೆ 15,000 ಓಡುವ ಕಾರಿಗೆ ಇದೇ ಲೆಕ್ಕ 3,300 ರೂಪಾಯಿಯ ಸುಮಾರಿಗೆ ಬರುತ್ತದೆ. ಅಷ್ಟರಲ್ಲಿ ಒಳ್ಳೆಯ ಡೀಸೆಲ್ ಫಿಲ್ಟರ್ ಬಂದು, ಚಿಲ್ಲರೆಯೂ ಉಳಿಯುತ್ತದೆ.

ಬಾಟಲಿ ತಲುಪದ ಜಾಗಗಳು

ಬಿಎಸ್6 ಕಾರು ಕೊಂಡವರ ದೊಡ್ಡ ಗೋಳು ಡಿಪಿಎಫ್. ಸೈಲೆನ್ಸರ್ ದಾರಿಯಲ್ಲಿ ಕೂತು ಮಸಿ ಹಿಡಿಯುವ ಜರಡಿ ಇದು. ಹಿಡಿದ ಮಸಿಯನ್ನು ಆಗಾಗ ಸುಟ್ಟು ಬೂದಿ ಮಾಡಬೇಕು, ಅದಕ್ಕೆ 600 ಡಿಗ್ರಿ ಆಸುಪಾಸಿನ ಬಿಸಿ ಬೇಕು. ಹೈವೇಯಲ್ಲಿ ಹದಿನೈದಿಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಹೋದರೆ ಅದು ತಾನಾಗಿ ಆಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಎಲ್ಲಿಂದ ಆಗಬೇಕು? ಮನೆಯಿಂದ ಆಫೀಸಿಗೆ ಆರು ಕಿಲೋಮೀಟರ್, ಒಂದು ಗಂಟೆ. ಸೈಲೆನ್ಸರ್ ದಾರಿ ಅಷ್ಟು ಬಿಸಿ ಏರುವ ಮೊದಲೇ ಪಾರ್ಕಿಂಗ್. ಸುಡುವ ಕೆಲಸ ಶುರುವಾಗಿ ಅರ್ಧಕ್ಕೆ ನಿಲ್ಲುತ್ತದೆ. ಹೀಗೆ ನಾಲ್ಕಾರು ಸಲ ಆದರೆ ದೀಪ ಹತ್ತುತ್ತದೆ.

ಇದರಲ್ಲಿ ಇನ್ನೊಂದು ಕಾಣದ ಪೆಟ್ಟಿದೆ. ಬಿಸಿ ಏರಿಸಲು ಎಷ್ಟೋ ಇಂಜಿನ್‌ಗಳು ಸಿಲಿಂಡರಿಗೆ ತಡವಾಗಿ ಸ್ವಲ್ಪ ಹೆಚ್ಚುವರಿ ಡೀಸೆಲ್ ಹೊಡೆಯುತ್ತವೆ. ಅದರಲ್ಲಿ ಒಂದಷ್ಟು ಗೋಡೆಗುಂಟ ಇಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ಕಡ್ಡಿ ಎಳೆದು ನೋಡಿ. ಮಟ್ಟ ಕಮ್ಮಿಯಾಗುವ ಬದಲು ಏರಿದ್ದರೆ ಅದು ಖುಷಿಪಡುವ ವಿಷಯವಲ್ಲ. ಡೀಸೆಲ್ ಬೆರೆತು ತೆಳ್ಳಗಾದ ಆಯಿಲ್ ಟರ್ಬೊ, ಬೇರಿಂಗು ಎಲ್ಲವನ್ನೂ ತಿನ್ನುತ್ತದೆ.

ಪ್ರೀಮಿಯಂ ಡೀಸೆಲ್ ಇಲ್ಲಿ ಮಾಡುವುದು ಬಹಳ ಕಡಿಮೆ. ಇಂಜೆಕ್ಟರ್ ಶುಚಿಯಾಗಿದ್ದರೆ ಮಸಿ ಒಂದಿಷ್ಟು ಕಮ್ಮಿ ಹುಟ್ಟಬಹುದು ಅಷ್ಟೇ. ಆರು ಕಿಲೋಮೀಟರಿನ ಓಡಾಟವನ್ನು ಅದು ಅರವತ್ತು ಮಾಡಲಾರದು. ಡಿಪಿಎಫ್ ಕ್ಲೀನರ್ ಅಂತ ಟ್ಯಾಂಕಿಗೆ ಹಾಕುವ ಬಾಟಲಿಗಳ ಹಿಂದೆ ಮಾತ್ರ ಒಂದು ನಿಜವಾದ ಕಥೆ ಇದೆ. 2000ದಲ್ಲಿ ಡಿಪಿಎಫ್ ಜೊತೆ ಬಂದ ಪೂಜೊ 607 ಕಾರಿನಲ್ಲಿ ಸೀರಿಯಂ ಎಂಬ ಲೋಹ ಸೇರಿದ ದ್ರಾವಣಕ್ಕೆ ಬೇರೆಯೇ ಪುಟ್ಟ ಟ್ಯಾಂಕ್ ಇತ್ತು. ಅಳತೆ ನೋಡಿ ಅದು ಡೀಸೆಲ್‌ಗೆ ಸೇರುತ್ತಿತ್ತು. ಇದರಿಂದ ಮಸಿ 450 ಡಿಗ್ರಿ ಸುಮಾರಿಗೇ ಉರಿಯುತ್ತಿತ್ತು. ವಿಚಾರ ಗಟ್ಟಿ. ಆದರೆ ಆ ಕಾರನ್ನು ಅದಕ್ಕೆಂದೇ ಕಟ್ಟಿದ್ದರು. ಲೋಹದ ಅಡಿಟಿವ್ ಉರಿದ ಮೇಲೆ ಬೂದಿ ಬಿಡುತ್ತದೆ, ಬೂದಿ ಮತ್ತೆ ಸುಡುವುದಿಲ್ಲ, ಜರಡಿಯಲ್ಲೇ ಕೂರುತ್ತದೆ. ಹಾಗೆ ತಯಾರಾಗದ ಕಾರಿಗೆ ಅಂದಾಜಿನ ಮೇಲೆ ಸುರಿಯುವುದು ಜೂಜು.

ಇದೇ ಕಾರಣಕ್ಕೆ 2ಟಿ ಆಯಿಲ್ ಚಟವನ್ನೂ ಬಿಡಬೇಕು. ಹಳೇ ಬೈಕಿಗೆ ಹಾಕುವ ಟೂ ಸ್ಟ್ರೋಕ್ ಆಯಿಲ್ಲನ್ನು ಡೀಸೆಲ್ ಟ್ಯಾಂಕಿಗೆ ಇಷ್ಟು ಎಂಎಲ್ ಅಂತ ಹಾಕಿದರೆ ಶಬ್ದ ಕಮ್ಮಿಯಾಗುತ್ತದೆ ಅಂತ ನಮ್ಮಲ್ಲಿ ಒಂದು ದೊಡ್ಡ ಪಂಗಡವೇ ಇದೆ. ನನ್ನ ಭಾವ ಆ ಪಂಗಡದ ಹಿರಿಯ ಸದಸ್ಯರು. ಜಾರಿಕೆ ಕಮ್ಮಿ ಇದ್ದ ಡೀಸೆಲ್, ಹಳೆಯ ಪಂಪು ಇದ್ದ ಕಾಲದಲ್ಲಿ ಅದಕ್ಕೊಂದು ಅರ್ಥ ಇದ್ದಿರಬಹುದು. ಡಿಪಿಎಫ್ ಇರುವ ಗಾಡಿಗೆ ಅದು ಬೂದಿಯ ದಾನ. ವಾರಂಟಿ ತಕರಾರು ಬಂದರೆ ಕಂಪನಿಗೆ ಕೈಗೆ ಸಿಕ್ಕ ಕೋಲೂ ಹೌದು.

ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್‌ನ ಕಥೆ ಇನ್ನೂ ಚಿಕ್ಕದು. ಸೈಲೆನ್ಸರಿನ ಹೊಗೆ ಮತ್ತು ಆಯಿಲ್ ಆವಿ ಸೇರಿ ಅಲ್ಲಿ ಡಾಂಬರಿನಂಥ ಕೊಳೆ ಕಟ್ಟುತ್ತದೆ. ಆ ದಾರಿಯಲ್ಲಿ ಡೀಸೆಲ್ ಹರಿಯುವುದೇ ಇಲ್ಲ. ಟ್ಯಾಂಕಿಗೆ ಹಾಕಿದ ಸೋಪು ಅಲ್ಲಿಗೆ ಹೇಗೆ ತಲುಪಬೇಕು? ಬಿಚ್ಚಿ ತೊಳೆಯಬೇಕು, ಮುಗೀತು. ಆಡ್‌ಬ್ಲೂ ಹೊಗೆ ಶುಚಿ ಮಾಡಲು ಬಳಸುವ, ಬೇರೆ ಟ್ಯಾಂಕಿನ ಬೇರೆ ದ್ರವ, ಶೇ 32.5 ಯೂರಿಯಾ ನೀರು. ಅದನ್ನು ಅಡಿಟಿವ್ ಅಂದುಕೊಂಡು ಡೀಸೆಲ್ ಟ್ಯಾಂಕಿಗೆ ಸುರಿದರೆ ಗಾಡಿ ಟೋ ಆಗಿಯೇ ವರ್ಕ್‌ಶಾಪ್ ಸೇರುತ್ತದೆ.

ಮತ್ತೆ ನೀರಿನ ವಿಷಯ

ನನ್ನ ಇಂಜೆಕ್ಟರ್ ಕೊಂದದ್ದು ನೀರು ಅಂದೆನಲ್ಲ. ಮಾನದಂಡದ ಪ್ರಕಾರ ಒಂದು ಕಿಲೋ ಡೀಸೆಲ್‌ನಲ್ಲಿ 200 ಮಿಲಿಗ್ರಾಂ ತನಕ ನೀರು ಇರಬಹುದು. ಅದರಲ್ಲಿ ಕರಗಿದ ನೀರು ಕೆಡುಕು ಮಾಡುವುದಿಲ್ಲ. ತೊಂದರೆ ಕೊಡುವುದು ಬೇರೆಯಾಗಿ ನಿಂತ ನೀರು. ಬಂಕಿನ ನೆಲದಡಿ ಟ್ಯಾಂಕಿಗೆ ಮಳೆಗಾಲದಲ್ಲಿ ಜಿನುಗುವುದು ಒಂದು ದಾರಿ. ಇನ್ನೊಂದು ನಮ್ಮದೇ ಟ್ಯಾಂಕು. ಕಾಲು ಟ್ಯಾಂಕ್ ಡೀಸೆಲ್ ಇಟ್ಟುಕೊಂಡು ಸಕಲೇಶಪುರ, ಮೂಡಿಗೆರೆ ಕಡೆ ವಾರಗಟ್ಟಲೆ ನಿಲ್ಲಿಸಿದರೆ ಖಾಲಿ ಜಾಗದ ತೇವ ರಾತ್ರಿ ಥಂಡಿಗೆ ಗೋಡೆಯ ಮೇಲೆ ಹನಿಗಟ್ಟುತ್ತದೆ. ಹನಿ ತಳಕ್ಕೆ ಇಳಿಯುತ್ತದೆ. ನೀರು ಡೀಸೆಲ್‌ಗಿಂತ ಭಾರ, ಪಂಪು ಹೀರುವುದೂ ತಳದಿಂದಲೇ.

ಎರಡು ಮೈಕ್ರಾನ್ ಸಂದಿಗೆ ಹೋದ ನೀರು ಜಾರಿಕೆ ಕೊಡುವುದಿಲ್ಲ, ತುಕ್ಕು ಹಿಡಿಸುತ್ತದೆ. ತುಕ್ಕಿನ ಪುಡಿ ಉಪ್ಪುಕಾಗದದ ಕೆಲಸ ಮಾಡುತ್ತದೆ. ಸವೆದ ಲೋಹವನ್ನು ಯಾವ ಡಿಟರ್ಜೆಂಟೂ ಮತ್ತೆ ಬೆಳೆಸುವುದಿಲ್ಲ.

'ವಾಟರ್ ರಿಮೂವರ್' ಬಾಟಲಿಗಳಲ್ಲಿ ಎರಡು ಜಾತಿ. ಒಂದು ನೀರನ್ನು ಡೀಸೆಲ್‌ನಿಂದ ಬೇರ್ಪಡಿಸಿ ಫಿಲ್ಟರಿನ ಬುಡಕ್ಕೆ ಇಳಿಸುತ್ತದೆ. ಇನ್ನೊಂದು ನೀರನ್ನು ಸಣ್ಣ ಹನಿಗಳಾಗಿ ಒಡೆದು ಡೀಸೆಲ್ ಜೊತೆಗೇ ಮುಂದಕ್ಕೆ ಸಾಗಿಸುತ್ತದೆ. ಎರಡನೆಯದು ಕಾಮನ್ ರೈಲ್ ಗಾಡಿಗೆ ಸಲ್ಲದು. ಇಷ್ಟು ದಿನ ಫಿಲ್ಟರ್ ತಡೆದಿದ್ದ ನೀರಿಗೆ ನಾವೇ ಪಾಸ್ ಕೊಟ್ಟು ನಾಝಲ್ ತನಕ ಕಳಿಸಿದ ಹಾಗಾಗುತ್ತದೆ. ಬಾಟಲಿಯ ಚೀಟಿ ನೋಡಿದರೆ ಯಾವ ಜಾತಿ ಅಂತ ಎಷ್ಟೋ ಸಲ ತಿಳಿಯುವುದೇ ಇಲ್ಲ. ಫಿಲ್ಟರಿನ ಬುಡದಲ್ಲಿ ಒಂದು ಸಣ್ಣ ತಿರುಪು ಇರುತ್ತದೆ. ಅದನ್ನು ಸಡಿಲಿಸಿ ನೀರು ಇಳಿಸುವುದು ಐದು ನಿಮಿಷದ ಕೆಲಸ, ಬಿಟ್ಟಿ. ಮಳೆಗಾಲ ಮುಗಿದ ಮೇಲೆ ಒಂದು ಸಲ ಮಾಡಿಸಿ. ಫಿಲ್ಟರ್ ಬದಲಾಯಿಸಿದಾಗ ಹಳೆಯದನ್ನು ಕೇಳಿ ಇಸಿದುಕೊಳ್ಳಿ. ನಾನು ಈಗ ಕೇಳುತ್ತೇನೆ, ಅವರಿಗೆ ಬೇಜಾರಾದರೂ ಸರಿ.

ಕಲಬೆರಕೆಯನ್ನೂ ಬಾಟಲಿ ಸರಿಮಾಡುವುದಿಲ್ಲ. ಸೀಮೆಎಣ್ಣೆ ಬೆರೆತ ಡೀಸೆಲ್‌ಗೆ ಜಾರಿಕೆ ಕಮ್ಮಿ, ಪಂಪಿಗೆ ನೇರ ಪೆಟ್ಟು. ಇಲ್ಲಿ ಒಂದು ಹೆಸರು ನೆನಪಾಗುತ್ತದೆ. ಕೋಲಾರದ ಚಿನ್ನದ ಗಣಿಯ ಊರಿನ ಹುಡುಗ, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಎಸ್. ಮಂಜುನಾಥ್, ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಮಾಡುತ್ತಿದ್ದ ಬಂಕಿನ ವಿರುದ್ಧ ಕ್ರಮಕ್ಕೆ ಮುಂದಾದರು. 2005ರ ನವೆಂಬರ್‌ನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ 27 ವರ್ಷ. ಕಲಬೆರಕೆಯಾದರೆ ಡೀಸೆಲ್‌ನ ಡೆನ್ಸಿಟಿ (ಸಾಂದ್ರತೆ) ಬದಲಾಗುತ್ತದೆ. ಬಂಕಿನಲ್ಲಿ ಅದನ್ನು ತೋರಿಸಿ ಅಂತ ಕೇಳುವುದು ನಮ್ಮ ಹಕ್ಕು. ಗಾಜಿನ ಜಾಡಿ, ಹೈಡ್ರೋಮೀಟರ್, ಥರ್ಮಾಮೀಟರ್ ಅಲ್ಲಿ ಇರಲೇಬೇಕು. ಅಳತೆಯನ್ನು 15 ಡಿಗ್ರಿಗೆ ಪರಿವರ್ತಿಸಿದಾಗ ಟ್ಯಾಂಕರ್ ಬಂದಾಗ ದಾಖಲಾದ ಅಂಕಿಗೂ ಅದಕ್ಕೂ ಘನ ಮೀಟರಿಗೆ 3 ಕಿಲೋಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಐದು ನಿಮಿಷ ಹಿಡಿಯುತ್ತದೆ. ಬಾಟಲಿ ಮಾರುವ ಹುಡುಗನನ್ನು ಇದನ್ನು ಕೇಳಿ ನೋಡಿ, ಮುಖ ಬದಲಾಗುತ್ತದೆ.

ಹಾಗಾದರೆ ಯಾರಿಗೆ ಬೇಕು?

ಕೆಲವರಿಗೆ ಬೇಕು. ಲಕ್ಷ ಕಿಲೋಮೀಟರ್ ದಾಟಿದ ಕಾಮನ್ ರೈಲ್ ಕಾರು, ಫಿಲ್ಟರ್ ಎಲ್ಲ ಸರಿ ಇದ್ದೂ ಐಡ್ಲಿಂಗ್‌ನಲ್ಲಿ ನಡುಗುತ್ತಿದೆ, ಹೊಗೆ ಹೆಚ್ಚಾಗಿದೆ, ರಿಟರ್ನ್ ಟೆಸ್ಟ್‌ನಲ್ಲಿ ನಾಲ್ಕೂ ಸಮ ಇದೆ ಅನ್ನಿ. ಅದು ಕೊಳೆಯ ಲಕ್ಷಣ. ಅಲ್ಲಿ ಮೂರ್ನಾಲ್ಕು ಟ್ಯಾಂಕ್ ಪ್ರೀಮಿಯಂ, ಅಥವಾ ಹೆಸರುವಾಸಿ ಕಂಪನಿಯ ಒಂದು ಕ್ಲೀನರ್, ಇಂಜೆಕ್ಟರ್ ಬಿಚ್ಚಿಸುವ ಮೊದಲು ಮಾಡಿ ನೋಡುವಂಥ ಅಗ್ಗದ ಪ್ರಯೋಗ. ಮ್ಯಾನ್ಯುಯಲ್‌ನಲ್ಲಿ ಅಡಿಟಿವ್ ಬೇಡ ಅಂತಿದ್ದರೆ ಪ್ರೀಮಿಯಂ ಡೀಸೆಲ್ ಮೇಲು, ಬಾಟಲಿ ಬೇಡ. ತೊಳೆದ ಕೊಳೆ ಫಿಲ್ಟರಿಗೆ ಬಂದು ಕೂರುವುದೂ ಉಂಟು, ಆಮೇಲೆ ಅದನ್ನು ಬದಲಾಯಿಸಿ.

ಚಳಿಯ ವಿಷಯದಲ್ಲಿ ಅಡಿಟಿವ್‌ಗೆ ನಿಜವಾದ ಕೆಲಸ ಇದೆ, ಆದರೆ ಅದು ನಮ್ಮ ಚಿಕ್ಕಮಗಳೂರಿನ ಚಳಿಗಲ್ಲ. ಲೇಹ್‌ನಲ್ಲಿ ಮಾಮೂಲಿ ಡೀಸೆಲ್ ಮೇಣದ ಹಾಗೆ ಗಟ್ಟಿಯಾಗುತ್ತದೆ. ಅದಕ್ಕಾಗಿ ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ಚಳಿಗಾಲದಲ್ಲಿ ಲಡಾಖ್‌ಗೆ ಕಾರು ಓಡಿಸುವ ಹುಚ್ಚು ಇರುವವರು ಅಲ್ಲಿ ಅದನ್ನೇ ಕೇಳಿ ಹಾಕಿಸಬೇಕು.

ಯಾರೂ ಯೋಚಿಸದ ಇನ್ನೊಂದು ಜಾಗ ಅಪಾರ್ಟ್‌ಮೆಂಟಿನ ಜನರೇಟರ್. ಕರೆಂಟ್ ಹೋಗುವುದು ಕಮ್ಮಿಯಾದಂತೆ ಡೀಸೆಲ್ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಕೂರುತ್ತದೆ. ತಳದ ನೀರಿಗೂ ಡೀಸೆಲ್‌ಗೂ ನಡುವಿನ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತವೆ. ಸರಿಯಾಗಿ ಬೇಕಾದ ದಿನವೇ ಫಿಲ್ಟರ್ ಕಟ್ಟಿಕೊಂಡು ಜನರೇಟರ್ ನಿಲ್ಲುತ್ತದೆ, ಲಿಫ್ಟ್‌ನಲ್ಲಿ ಯಾರೋ ಸಿಕ್ಕಿಕೊಂಡಿರುತ್ತಾರೆ. ಇಲ್ಲಿ ಡೀಸೆಲ್ ಹಳಸದಂತೆ ತಡೆಯುವ, ಜೀವಾಣು ಕೊಲ್ಲುವ ಅಡಿಟಿವ್‌ಗೆ ಕೊಟ್ಟ ಹಣ ದಂಡವಲ್ಲ. ಮೊದಲು ತಳದ ನೀರು ಇಳಿಸಿರಬೇಕು ಅಷ್ಟೇ.

ಮುಂದಿನ ದಿನಗಳಲ್ಲಿ ಈ ಲೆಕ್ಕ ಬದಲಾಗಬಹುದು. 2018ರ ಜೈವಿಕ ಇಂಧನ ನೀತಿಯಂತೆ 2030ಕ್ಕೆ ಡೀಸೆಲ್‌ನಲ್ಲಿ ಶೇ 5 ಬಯೋಡೀಸೆಲ್ ಬೆರೆಸುವ ಗುರಿ ಇದೆ. ಬಯೋಡೀಸೆಲ್ ಜಾರಿಕೆ ಹೆಚ್ಚಿಸುತ್ತದೆ, ಜೊತೆಗೆ ನೀರನ್ನೂ ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಹಾಸನದ ಹತ್ತಿರದ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ಹೊಂಗೆ ಎಣ್ಣೆಯ ಡೀಸೆಲ್ ನೋಡಿದವರಿಗೆ ಇದು ಹೊಸದೇನಲ್ಲ. ಎಥನಾಲ್ ಮಾತ್ರ ಡೀಸೆಲ್ ಜೊತೆ ಹೊಂದಿಕೊಳ್ಳಲಿಲ್ಲ. ಐಸೊಬ್ಯುಟನಾಲ್ ಎಂಬ ಇನ್ನೊಂದು ಆಲ್ಕೋಹಾಲನ್ನು ಶೇ 10 ಬೆರೆಸುವ ಪ್ರಯೋಗ ನಡೆಯುತ್ತಿದೆ ಎಂದು ಸಚಿವ ನಿತಿನ್ ಗಡ್ಕರಿ 2025ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದರು. ಅದರ ಸಿಟೇನ್ ಡೀಸೆಲ್‌ಗಿಂತ ಬಹಳ ಕೆಳಗೆ. ಬೆರೆಸಿಯೂ 51 ಉಳಿಸಿಕೊಳ್ಳಬೇಕಾದರೆ ಸಿಟೇನ್ ಏರಿಸುವ ಮದ್ದು ಬೇಕಾಗುತ್ತದೆ. ಇವತ್ತು ಬಂಕಿನ ಹುಡುಗ ಬಾಟಲಿಯಲ್ಲಿ ಮಾರುತ್ತಿರುವುದನ್ನು ಅವತ್ತು ರಿಫೈನರಿಯವರೇ ಟ್ಯಾಂಕರ್‌ಗೆ ಹಾಕಿ ಕಳಿಸಬೇಕಾಗಬಹುದು. ಅದರ ಬಿಲ್ ಯಾರಿಗೆ ಅಂತ ಕೇಳುವ ಅಗತ್ಯ ಇಲ್ಲ ಅಲ್ವಾ?